ವಾಹನ ಪ್ರಶ್ನೋತ್ತರ: ಬ್ರೇಕ್ ಒತ್ತಿದಾಗ ಕಾರು ನಡುಗುವುದೇಕೆ?

ಮಳೆಗಾಲ ಮುಗಿದು ರಸ್ತೆಗಳು ಒಣಗಿದ ಮೇಲೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಬ್ರೇಕಿನ ದೂರುಗಳೇ ಹೆಚ್ಚಾಗಿರುತ್ತವೆ. ಈ ಸಲ ಉತ್ತರ ಕನ್ನಡದ ಘಟ್ಟದ ಮೇಲಿನಿಂದಲೂ ಕರಾವಳಿಯಿಂದಲೂ ಬಂದ ಐದು ಪತ್ರಗಳು ಒಂದೇ ತೊಂದರೆಯ ಸುತ್ತ ಇರುವುದರಿಂದ ಅವುಗಳನ್ನು ಒಟ್ಟಿಗೆ ತೆಗೆದುಕೊಂಡಿದ್ದೇನೆ. ಮೊದಲನೆಯ ಉತ್ತರ ದೀರ್ಘವಾಗಿದೆ. ಉಳಿದ ನಾಲ್ವರೂ ಅದನ್ನು ಓದಬೇಕೆಂದು ಕೋರುತ್ತೇನೆ, ಏಕೆಂದರೆ ಅಲ್ಲಿ ಹೇಳಿದ್ದನ್ನು ಮುಂದೆ ಮತ್ತೆ ವಿವರಿಸಿಲ್ಲ.

ಪ್ರಶ್ನೆ (ಶಿರಸಿಯ ಓದುಗರು): ನಮ್ಮದು ಆರು ವರ್ಷ ಹಳೆಯ ಪೆಟ್ರೋಲ್ ಕಾರು. ಮುಂದೆ ಡಿಸ್ಕ್, ಹಿಂದೆ ಡ್ರಮ್. ವಾರಕ್ಕೊಮ್ಮೆಯಾದರೂ ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಹೋಗಿಬರುತ್ತೇವೆ. ಕಳೆದ ವರ್ಷ ಹೆದ್ದಾರಿಯಲ್ಲಿ 80ರ ವೇಗದಲ್ಲಿ ಬ್ರೇಕ್ ಒತ್ತಿದರೆ ಸ್ಟೀರಿಂಗ್ ಎಡಬಲಕ್ಕೆ ನಡುಗತೊಡಗಿತು. ಗ್ಯಾರೇಜಿನವರು ಡಿಸ್ಕ್ ಬೆಂಡ್ ಆಗಿದೆ ಎಂದು ಮುಂದಿನ ಎರಡೂ ಡಿಸ್ಕ್‌ಗಳನ್ನು, ಪ್ಯಾಡ್‌ಗಳನ್ನು ಬದಲಿಸಿದರು. ನಾಲ್ಕು ತಿಂಗಳು ಚೆನ್ನಾಗಿತ್ತು, ಈಗ ಅದೇ ನಡುಕ ಮರಳಿದೆ. ಮತ್ತೊಮ್ಮೆ ಡಿಸ್ಕ್ ಹಾಕಬೇಕು ಎನ್ನುತ್ತಿದ್ದಾರೆ. ಘಟ್ಟದ ಬಿಸಿಗೆ ಡಿಸ್ಕ್ ಬಾಗುತ್ತದೆಯೇ, ಅಥವಾ ಹಾಕಿದ ಡಿಸ್ಕೇ ಕಳಪೆಯೇ?

ಉತ್ತರ: ಒಂದು ಅಳತೆಯನ್ನು ಕಣ್ಣಾರೆ ನೋಡುವವರೆಗೆ ದಯವಿಟ್ಟು ಇನ್ನೊಂದು ಜೊತೆ ಡಿಸ್ಕ್ ಕೊಳ್ಳಬೇಡಿ. ಹೊಸ ಡಿಸ್ಕ್ ಹಾಕಿದಾಗ ಸರಿಯಿದ್ದು ಕೆಲವು ತಿಂಗಳ ನಂತರ ನಡುಕ ಮರಳಿತು ಎಂದು ಬರೆದಿದ್ದೀರಲ್ಲ, ಈ ಕಾಯಿಲೆಯ ಮುಖ್ಯ ಸುಳಿವು ಅದರಲ್ಲೇ ಇದೆ. ಡಿಸ್ಕ್ ತಯಾರಿಕೆಯಲ್ಲೇ ಡೊಂಕಾಗಿದ್ದರೆ ಮೊದಲ ವಾರದಲ್ಲೇ ಗೊತ್ತಾಗುತ್ತಿತ್ತು. ನಿಧಾನವಾಗಿ ಬೆಳೆದು ಬಂದ ನಡುಕದ ಹಿಂದೆ ನಿಧಾನವಾಗಿ ಕೆಲಸ ಮಾಡುವ ಕಾರಣವೇ ಇರುತ್ತದೆ, ಮತ್ತು ನಮ್ಮ ಮಳೆಯ ಸೀಮೆಯಲ್ಲಿ ಆ ಕಾರಣ ಬಹಳ ಸಲ ಡಿಸ್ಕಿನಲ್ಲಿ ಇರದೆ ಡಿಸ್ಕ್ ಕೂರುವ ಹಬ್ಬಿನ ಮುಖದ ಮೇಲೆ ಇರುತ್ತದೆ. ಹಬ್ ಎಂದರೆ ಡಿಸ್ಕನ್ನೂ ಚಕ್ರವನ್ನೂ ಬಿಗಿಯುವ, ತಿರುಗುವ ನಡುಭಾಗ.

ಮೊದಲು ನಡುಕ ಬ್ರೇಕಿನದೇ ಎಂಬುದನ್ನು ಖಚಿತಪಡಿಸಿಕೊಳ್ಳಿ. ಬ್ರೇಕ್ ಮುಟ್ಟದೆ 80, 90ರ ವೇಗದಲ್ಲಿ ಸಮವಾಗಿ ಹೋಗುವಾಗಲೂ ಸ್ಟೀರಿಂಗ್ ಅದುರುತ್ತಿದ್ದರೆ ಅದು ಟೈರಿನ ಬ್ಯಾಲೆನ್ಸಿಂಗ್, ಹೊಂಡಕ್ಕೆ ಬಿದ್ದು ಡೊಂಕಾದ ರಿಮ್ ಅಥವಾ ಟೈರಿನ ಒಳಗಿನ ದಾರ ಕಡಿದು ಎದ್ದ ಉಬ್ಬು ಆಗಿರಬಹುದು. ಬ್ರೇಕ್ ಒತ್ತಿದಾಗ ಮಾತ್ರ ಶುರುವಾಗಿ, ಕಾಲು ತೆಗೆದೊಡನೆ ನಿಂತು, ವೇಗ ಇಳಿದಂತೆ ನಡುಕದ ಲಯವೂ ನಿಧಾನವಾಗುತ್ತ ಹೋದರೆ ಅದು ಬ್ರೇಕಿನದು. ಸಾಮಾನ್ಯವಾಗಿ ಸ್ಟೀರಿಂಗ್ ನಡುಗಿದರೆ ಮುಂದಿನ ಚಕ್ರಗಳನ್ನು, ಸೀಟು ಮತ್ತು ಕಾರಿನ ತಳ ನಡುಗಿದರೆ ಹಿಂದಿನ ಚಕ್ರಗಳನ್ನು ಮೊದಲು ನೋಡಬೇಕು. ನಿಮ್ಮ ಕಾರಿನಂಥ ಸಣ್ಣ ಕಾರಿನ ಚಕ್ರ 80ರ ವೇಗದಲ್ಲಿ ಸೆಕೆಂಡಿಗೆ 12, 13 ಸುತ್ತು ತಿರುಗುತ್ತದೆ. ಪ್ರತಿ ಸುತ್ತಿಗೊಮ್ಮೆ ಬೀಳುವ ಸಣ್ಣ ಒದೆತ ಅಷ್ಟು ಬೇಗ ಬೇಗ ಬಿದ್ದಾಗ ಸಸ್ಪೆನ್ಷನ್ನಿನ ಸ್ವಂತ ಲಯಕ್ಕೆ ಹೊಂದಿಕೊಂಡು ದೊಡ್ಡದಾಗುತ್ತದೆ. ಅದೇ ಕಾರನ್ನು 30ರಲ್ಲಿ ನಿಲ್ಲಿಸಿದಾಗ ಏನೂ ತಿಳಿಯದಿರುವುದಕ್ಕೂ, ಗ್ಯಾರೇಜಿನ ಮುಂದಿನ ಗಲ್ಲಿಯಲ್ಲಿ ಒಂದು ಸುತ್ತು ಹಾಕಿ ಬಂದ ಮೆಕ್ಯಾನಿಕ್ ‘ಏನೂ ಇಲ್ಲವಲ್ಲ’ ಎನ್ನುವುದಕ್ಕೂ ಇದೇ ಕಾರಣ. ಅವರನ್ನು ಹೆದ್ದಾರಿಗೆ ಕರೆದುಕೊಂಡು ಹೋಗಿ ತೋರಿಸಿ.

ಈಗ ‘ಬೆಂಡ್’ ಎಂಬ ಮಾತಿಗೆ ಬರೋಣ. ಡಿಸ್ಕ್ ಎಂದರೆ ಚಕ್ರದ ಜೊತೆ ತಿರುಗುವ ಬೀಡು ಕಬ್ಬಿಣದ ತಟ್ಟೆ, ಬ್ರೇಕ್ ಒತ್ತಿದಾಗ ಪ್ಯಾಡ್‌ಗಳು ಅದನ್ನು ಎರಡೂ ಬದಿಯಿಂದ ಹಿಡಿಯುತ್ತವೆ. ಅದು ತಗಡಿನ ಮುಚ್ಚಳದಂತೆ ಸುಲಭವಾಗಿ ಬಾಗುವ ವಸ್ತುವಲ್ಲ. ಬ್ರೇಕ್ ನಡುಗುವ ಹೆಚ್ಚಿನ ಕಾರುಗಳಲ್ಲಿ ಡಿಸ್ಕ್ ಬಾಗಿರುವುದಿಲ್ಲ, ಅದರ ದಪ್ಪ ಸುತ್ತಲೂ ಒಂದೇ ಸಮ ಇರುವುದಿಲ್ಲ. ಒಂದೆಡೆ 20.00 ಮಿಲಿಮೀಟರ್, ಇನ್ನೊಂದೆಡೆ 19.98 ಮಿಲಿಮೀಟರ್ ಇದ್ದರೂ ಸಾಕು. ದಪ್ಪ ಭಾಗ ಪ್ಯಾಡ್‌ಗಳ ನಡುವೆ ಬಂದಾಗ ಹಿಡಿತ ಬಿಗಿಯಾಗಿ, ತೆಳು ಭಾಗ ಬಂದಾಗ ಸಡಿಲವಾಗಿ, ಆ ಏರಿಳಿತ ಪೆಡಲಿಗೂ ಸ್ಟೀರಿಂಗಿಗೂ ಹರಿದು ಬರುತ್ತದೆ. ಎರಡು ನೂರಾಂಶ ಮಿಲಿಮೀಟರ್ ಎಂದರೆ ತಲೆಗೂದಲಿನ ದಪ್ಪದ ಮೂರನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಇದು ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೂ ಹತ್ತುವುದಿಲ್ಲ. ಆದುದರಿಂದ ಚಕ್ರ ಬಿಚ್ಚಿ ಬರಿಗಣ್ಣಿನಿಂದ ನೋಡಿ ಡಿಸ್ಕ್ ಬೆಂಡ್ ಆಗಿದೆ ಎಂದು ತೀರ್ಮಾನ ಹೇಳುವುದನ್ನು ನಾನು ಒಪ್ಪುವುದಿಲ್ಲ.

ಈ ಅಸಮ ದಪ್ಪ ಹುಟ್ಟುವ ಬಗೆಯನ್ನು ತಿಳಿದರೆ ನಿಮ್ಮ ನಾಲ್ಕು ತಿಂಗಳ ಲೆಕ್ಕ ಅರ್ಥವಾಗುತ್ತದೆ. ಹಬ್ಬಿನ ಮುಖ ನಯವಾಗಿರದೆ ಅದರ ಅಂಚಿನಲ್ಲಿ ತುಕ್ಕಿನ ಚಕ್ಕೆಯೊಂದು ಉಳಿದಿದ್ದು, ಅದರ ಮೇಲೆಯೇ ಹೊಸ ಡಿಸ್ಕನ್ನು ಕೂರಿಸಿದರೆ ಡಿಸ್ಕ್ ಕೂದಲೆಳೆಯಷ್ಟು ವಾರೆಯಾಗಿ ಕೂರುತ್ತದೆ. ಹಬ್ಬಿನ ಅಂಚಿನಲ್ಲಿ 0.05 ಮಿಲಿಮೀಟರಿನಷ್ಟಿದ್ದ ಚಕ್ಕೆ ಡಿಸ್ಕಿನ ಹೊರ ಅಂಚಿನಲ್ಲಿ ಅದರ ಒಂದೂವರೆ ಪಟ್ಟಿಗೂ ಹೆಚ್ಚಿನ ಓಲಾಟವಾಗಿ ಕಾಣುತ್ತದೆ. ಮೊದಮೊದಲು ನಿಮಗೆ ಏನೂ ತಿಳಿಯುವುದಿಲ್ಲ, ಏಕೆಂದರೆ ಪ್ಯಾಡ್‌ಗಳನ್ನು ಹಿಡಿದಿರುವ ಕ್ಯಾಲಿಪರ್ ತನ್ನ ಪಿನ್ನುಗಳ ಮೇಲೆ ಅತ್ತಿತ್ತ ಜಾರಿ ಆ ಓಲಾಟವನ್ನು ನುಂಗಿಕೊಳ್ಳುತ್ತದೆ. ಆದರೆ ಬ್ರೇಕ್ ಒತ್ತದೆ ಓಡುವಾಗಲೂ ಡಿಸ್ಕಿನ ಆ ಒಂದು ಭಾಗ ಪ್ರತಿ ಸುತ್ತಿನಲ್ಲಿ ಪ್ಯಾಡನ್ನು ಸವರಿ ಹೋಗುತ್ತಲೇ ಇರುತ್ತದೆ. ಒಂದು ಕಿಲೋಮೀಟರಿಗೆ ಚಕ್ರ 550ಕ್ಕೂ ಹೆಚ್ಚು ಸಲ ತಿರುಗುತ್ತದೆ. ಶಿರಸಿಯಿಂದ ಕುಮಟಾಕ್ಕೆ ಸುಮಾರು 60 ಕಿಲೋಮೀಟರ್ ದಾರಿ, ಹೋಗಿಬರುವುದೆಂದರೆ ಒಂದೇ ಜಾಗದಲ್ಲಿ 60 ಸಾವಿರಕ್ಕೂ ಹೆಚ್ಚು ಸವರಿಕೆ. ಕೆಲವು ಸಾವಿರ ಕಿಲೋಮೀಟರ್ ಆಗುವಷ್ಟರಲ್ಲಿ ಆ ಜಾಗ ಸವೆದು ತೆಳ್ಳಗಾಗಿರುತ್ತದೆ, ನಡುಕ ಕೈಗೆ ಬರುತ್ತದೆ. ಆಗ ಡಿಸ್ಕ್ ಮಾತ್ರ ಬದಲಿಸಿ ಅದೇ ತುಕ್ಕಿನ ಮೇಲೆ ಇನ್ನೊಂದನ್ನು ಕೂರಿಸಿದರೆ ಮತ್ತೆ ನಾಲ್ಕು ತಿಂಗಳ ನಂತರ ಇದೇ ಪತ್ರವನ್ನು ಬರೆಯಬೇಕಾಗುತ್ತದೆ.

ಈ ಚಕ್ಕೆ ಎಂದರೆ ಎಂಥದು ಎಂಬುದನ್ನು ಹೇಳುತ್ತೇನೆ. ನಿಮ್ಮಂತೆಯೇ ಎರಡು ಸಲ ಡಿಸ್ಕ್ ಬದಲಿಸಿಕೊಂಡಿದ್ದ ಒಂದು ಕಾರನ್ನು ಬಿಚ್ಚಿಸಿ ನೋಡಿದ್ದೆ. ಡಿಸ್ಕ್ ಸುಲಭವಾಗಿ ಕಳಚಲಿಲ್ಲ, ಮರದ ಸುತ್ತಿಗೆಯಿಂದ ತಟ್ಟಬೇಕಾಯಿತು. ಹಬ್ಬಿನ ಮುಖದ ನಡುವಿನ ಭಾಗ ಹೊಳೆಯುತ್ತಿತ್ತು, ಯಾರೋ ಉಪ್ಪುಕಾಗದ ಹಾಕಿ ಒರೆಸಿದ್ದರು. ಆದರೆ ಚಕ್ರದ ನಟ್ಟು ಕೂರುವ ಸ್ಟಡ್‌ಗಳ ಬುಡದ ಸುತ್ತ, ಕಾಗದ ಹಿಡಿದ ಬೆರಳು ಹೋಗದ ಜಾಗದಲ್ಲಿ, ಕಂದು ಬಣ್ಣದ ಉಂಗುರಗಳು ಹಾಗೆಯೇ ಉಳಿದಿದ್ದವು. ಒಂದು ಸ್ಟಡ್ಡಿನ ಪಕ್ಕ ಉಗುರಿನಗಲದ ಚಕ್ಕೆ, ಪದರ ಪದರವಾಗಿ, ಹಳೆಯ ಬಾವಿಯ ರಾಟೆಯಿಂದ ಏಳುವಂಥದು, ಹಬ್ಬಿಗೆ ಅಂಟಿಕೊಂಡಿತ್ತು. ಡಿಸ್ಕಿನ ಬೆನ್ನಿನಲ್ಲಿ ಅದೇ ಆಕಾರದ ಅಚ್ಚು ಮೂಡಿತ್ತು. ಆ ಕಾರಿನ ನಡುಕಕ್ಕೆ ಕಾರಣ ಅಷ್ಟೇ.

ಹಾಗಾಗಿ ನಿಮ್ಮ ಗ್ಯಾರೇಜಿನವರಲ್ಲಿ ನೀವು ಕೇಳಬೇಕಾದ ಕೆಲಸ ಹೀಗಿದೆ. ಚಕ್ರ ಬಿಚ್ಚಿದ ಮೇಲೆ ನಟ್ಟುಗಳನ್ನು ವಾಷರ್ ಸಮೇತ ಮರಳಿ ಹಾಕಿ ಡಿಸ್ಕನ್ನು ಹಬ್ಬಿಗೆ ಸಮನಾಗಿ ಬಿಗಿಯಲಿ. ಡಯಲ್ ಗೇಜನ್ನು ಡಿಸ್ಕಿನ ಹೊರ ಅಂಚಿನಿಂದ ಸುಮಾರು 10 ಮಿಲಿಮೀಟರ್ ಒಳಗೆ ತಾಗಿಸಿಟ್ಟು ಡಿಸ್ಕನ್ನು ಕೈಯಿಂದ ಒಂದು ಸುತ್ತು ನಿಧಾನವಾಗಿ ತಿರುಗಿಸಲಿ. ಮುಳ್ಳು ಎಷ್ಟು ಅಲ್ಲಾಡುತ್ತದೆಯೋ ಅದೇ ಓಲಾಟದ ಅಳತೆ. ಮಿತಿ ಎಷ್ಟೆಂದು ಕಾರಿನ ಸರ್ವಿಸ್ ಪುಸ್ತಕದಲ್ಲಿ ಬರೆದಿರುತ್ತದೆ. ಅನೇಕ ಕಾರುಗಳಿಗೆ ಅದು 0.05ರಿಂದ 0.10 ಮಿಲಿಮೀಟರಿನೊಳಗೆ ಇರುತ್ತದೆ. ಆಮೇಲೆ ಮೈಕ್ರೋಮೀಟರಿನಿಂದ ಡಿಸ್ಕಿನ ಸುತ್ತ ಎಂಟು ಕಡೆ ದಪ್ಪ ಅಳೆಯಲಿ. ಓಲಾಟ ಮಿತಿ ಮೀರಿದ್ದರೆ ಡಿಸ್ಕಿಗೂ ಹಬ್ಬಿಗೂ ಸೀಮೆಸುಣ್ಣದಿಂದ ಗುರುತು ಹಾಕಿ, ಡಿಸ್ಕನ್ನು ಕಳಚಿ, ಒಂದು ರಂಧ್ರದಷ್ಟು ತಿರುಗಿಸಿ ಕೂರಿಸಿ ಮತ್ತೆ ಅಳೆಯಲಿ. ಉಬ್ಬಿದ ಜಾಗ ಡಿಸ್ಕಿನ ಗುರುತಿನ ಜೊತೆ ಸರಿದರೆ ದೋಷ ಡಿಸ್ಕಿನದು. ಹಬ್ಬಿನ ಗುರುತಿನ ಹತ್ತಿರವೇ ನಿಂತರೆ ದೋಷ ಹಬ್ಬಿನದು ಅಥವಾ ಅದರ ಹಿಂದಿನ ಬೇರಿಂಗಿನದು. ಇಷ್ಟಕ್ಕೆ ಅರ್ಧ ಗಂಟೆಯಾದರೆ ಹೆಚ್ಚು. ಡಯಲ್ ಗೇಜ್ ಎಂಬುದು ಯಾವ ಲೇತ್ ಅಂಗಡಿಯಲ್ಲೂ ಇರುವ ಸಾಮಾನ್ಯ ಉಪಕರಣ. ಅದು ಇಲ್ಲದ ಗ್ಯಾರೇಜಿನಲ್ಲಿ ಈ ಕೆಲಸ ಮಾಡಿಸಬೇಡಿ.

ಹಬ್ಬನ್ನು ತಂತಿ ಬ್ರಷ್ಷಿನಿಂದಲೂ ಎಮರಿ ಕಾಗದದಿಂದಲೂ ಲೋಹ ಕಾಣುವವರೆಗೆ, ಸ್ಟಡ್‌ಗಳ ಬುಡವನ್ನೂ ಬಿಡದೆ ತಿಕ್ಕಿ ತೆಗೆಯಬೇಕು. ಹೊಸ ಡಿಸ್ಕಿನ ಬೆನ್ನನ್ನೂ ರಿಮ್ಮಿನ ಒಳಮುಖವನ್ನೂ ಒರೆಸಬೇಕು. ತುಕ್ಕು ಹಿಡಿಯದಿರಲೆಂದು ಹಬ್ಬಿನ ಮುಖಕ್ಕೆ ದಪ್ಪಗೆ ಗ್ರೀಸ್ ಬಳಿಯುವ ರೂಢಿ ಕೆಲವರಲ್ಲಿದೆ. ಗ್ರೀಸಿನ ಪದರವೂ ಡಿಸ್ಕನ್ನು ವಾರೆ ಮಾಡಬಲ್ಲದು, ಬಿಸಿಗೆ ಕರಗಿ ಪ್ಯಾಡಿಗೂ ಇಳಿಯಬಲ್ಲದು, ಆದುದರಿಂದ ಬೇಡ.

ನಟ್ಟು ಬಿಗಿಯುವ ರೀತಿಯ ಬಗ್ಗೆ ನೀವು ಏನೂ ಬರೆದಿಲ್ಲ. ಈ ನಡುವೆ ಟೈರ್ ಬದಲಿಸಿದ್ದೀರಾ, ಪಂಕ್ಚರ್ ಹಾಕಿಸಿದ್ದೀರಾ ಎಂದು ಒಮ್ಮೆ ನೆನಪಿಸಿಕೊಳ್ಳಿ. ಏರ್ ಗನ್ನಿನಿಂದ ಒಂದು ನಟ್ಟನ್ನು ಪೂರ್ತಿ ಬಿಗಿದು ಪಕ್ಕದ್ದಕ್ಕೆ ಹೋಗುವುದು, ಪಾನಾಕ್ಕೆ ಪೈಪ್ ಸಿಕ್ಕಿಸಿ ಅದರ ಮೇಲೆ ನಿಲ್ಲುವುದು, ಇವೆರಡೂ ಡಿಸ್ಕನ್ನು ಒಂದು ಬದಿಗೆ ಎಳೆದು ಅದೇ ಓಲಾಟವನ್ನು ಹುಟ್ಟಿಸುತ್ತವೆ. ನಟ್ಟುಗಳನ್ನು ಎದುರುಬದುರಾಗಿ, ಎರಡು ಸುತ್ತಿನಲ್ಲಿ, ಕೊನೆಯ ಬಿಗಿತವನ್ನು ಟಾರ್ಕ್ ರೆಂಚಿನಿಂದ ಕೊಡಬೇಕು. ಸಣ್ಣ ಕಾರುಗಳಿಗೆ ಸಾಮಾನ್ಯವಾಗಿ 85ರಿಂದ 110 ನ್ಯೂಟನ್ ಮೀಟರಿನೊಳಗೆ ಇರುವ ಈ ಅಂಕಿ ನಿಮ್ಮ ಕಾರಿನ ಕೈಪಿಡಿಯಲ್ಲಿ ಸಿಗುತ್ತದೆ. ಚಕ್ರ ಕಳಚಿ ಮತ್ತೆ ಹಾಕಿದ ಮೇಲೆ 100 ಕಿಲೋಮೀಟರ್ ಓಡಿಸಿ ಇನ್ನೊಮ್ಮೆ ಬಿಗಿತ ನೋಡಿಸಿದರೆ ಒಳ್ಳೆಯದು. ಚಕ್ರವನ್ನು ಕಾರಿಗೆ ಸೇರಿಸುವ ಲೋವರ್ ಆರ್ಮಿನ ಬುಷ್, ಬಾಲ್ ಜಾಯಿಂಟ್ ಸಡಿಲವಾಗಿದ್ದರೆ ಅವು ನಡುಕವನ್ನು ಹುಟ್ಟಿಸದಿದ್ದರೂ ಹಲವು ಪಟ್ಟು ದೊಡ್ಡದು ಮಾಡುತ್ತವೆ. ಆರು ವರ್ಷದ ಕಾರಿನಲ್ಲಿ ಅವನ್ನೂ ಅಲ್ಲಾಡಿಸಿ ನೋಡಬೇಕು.

ಘಟ್ಟದ ಬಿಸಿಯ ಬಗ್ಗೆ ನೀವು ಕೇಳಿದ್ದೂ ಸರಿಯಾದ ಪ್ರಶ್ನೆಯೇ. 1,200 ಕಿಲೋ ತೂಕದ ಕಾರು 500 ಮೀಟರ್ ಎತ್ತರದಿಂದ ಇಳಿಯುವಾಗ ಆ ಶಕ್ತಿಯನ್ನೆಲ್ಲ ಬ್ರೇಕೇ ತಡೆದರೆ, ಹುಟ್ಟುವ ಶಾಖ ಸುಮಾರು 17 ಲೀಟರ್ ತಣ್ಣೀರನ್ನು ಕುದಿಸುವಷ್ಟಾಗುತ್ತದೆ. ಬಚ್ಚಲ ಹಂಡೆಯ ಕೆಳಗೆ ಒಲೆ ಉರಿಸುವವರಿಗೆ ಅದಕ್ಕೆ ಎಷ್ಟು ಸೌದೆ ಬೇಕೆಂದು ಗೊತ್ತು. ಇಷ್ಟೂ ಬಿಸಿ ಕೆಲವೇ ಕಿಲೋ ಕಬ್ಬಿಣದಲ್ಲಿ ಇಳಿಯಬೇಕು. ನೇರವಾಗಿ ಕೂತ ಡಿಸ್ಕ್ ಇದನ್ನು ತಡೆದುಕೊಂಡು ಗಾಳಿಗೆ ಬಿಟ್ಟುಕೊಡುತ್ತದೆ, ವಾರೆಯಾಗಿ ಕೂತದ್ದು ಬೇಗ ಕೆಡುತ್ತದೆ. ಘಟ್ಟ ಇಳಿಯುವ ಕ್ರಮವನ್ನು ಯಲ್ಲಾಪುರದವರಿಗೆ ಕೊಟ್ಟ ಉತ್ತರದಲ್ಲಿ ನೋಡಿ.

ಪ್ರಶ್ನೆ (ಕಾರವಾರದ ಓದುಗರು): ಕೋಡಿಬಾಗದಲ್ಲಿ ನಮ್ಮ ಮನೆ, ಕಡಲಿಗೆ ಹತ್ತಿರ. ಮಕ್ಕಳ ಬಳಿ ಮುಂಬಯಿಗೆ ಹೋಗಿದ್ದರಿಂದ ಜುಲೈ, ಆಗಸ್ಟ್ ಎರಡು ತಿಂಗಳು ಕಾರು ಅಂಗಳದಲ್ಲೇ ನಿಂತಿತ್ತು. ಈಗ ಓಡಿಸಿದರೆ ಕರಕರ ಸದ್ದು, ನಿಧಾನ ವೇಗದಲ್ಲೂ ಬ್ರೇಕ್ ಒತ್ತಿದಾಗ ಸುತ್ತಿಗೊಮ್ಮೆ ತಡೆದಂತೆ ಆಗುತ್ತದೆ, ಕಾರು ಸ್ವಲ್ಪ ಎಡಕ್ಕೆ ಎಳೆಯುತ್ತದೆ. ಹೊರಡುವಾಗ ಹ್ಯಾಂಡ್‌ಬ್ರೇಕ್ ಎಳೆದಿಟ್ಟಿದ್ದೆ.

ಉತ್ತರ: ಡಿಸ್ಕಿನ ಮೇಲ್ಮೈಗೆ ಬಣ್ಣ ಬಳಿಯುವಂತಿಲ್ಲ, ಅದು ಬರಿಯ ಕಬ್ಬಿಣ. ಆಷಾಢದ ಮಳೆಯಲ್ಲಿ ಒಂದು ರಾತ್ರಿ ನಿಂತರೂ ಅದರ ಮೇಲೆ ಕಿತ್ತಳೆ ಬಣ್ಣದ ತೆಳು ತುಕ್ಕು ಏಳುತ್ತದೆ, ಬೆಳಿಗ್ಗೆ ನಾಲ್ಕು ಸಲ ಬ್ರೇಕ್ ಹಿಡಿದರೆ ಹೋಗುತ್ತದೆ. ಎರಡು ತಿಂಗಳು ಉಪ್ಪುಗಾಳಿಯಲ್ಲಿ ನಿಂತಾಗ ಕಥೆ ಬೇರೆ. ಪ್ಯಾಡ್ ತಾಗಿಕೊಂಡಿದ್ದ ಜಾಗದಲ್ಲಿ ತೇವ ಆರದೆ ಉಳಿಯುತ್ತದೆ, ಪ್ಯಾಡಿನದೇ ಆಕಾರದ ಕಪ್ಪು ಕಲೆ ಡಿಸ್ಕಿನ ಮೇಲೆ ಮೂಡುತ್ತದೆ. ಸುತ್ತಿಗೊಮ್ಮೆ ತಡೆದಂತಾಗುವುದು ಆ ಕಲೆ ಪ್ಯಾಡುಗಳ ನಡುವೆ ಹಾಯುವಾಗ.

ಆದರೆ ಎಡಕ್ಕೆ ಎಳೆಯುತ್ತದೆ ಎಂದು ಬರೆದಿರುವುದರಿಂದ ಮೊದಲು ಕ್ಯಾಲಿಪರ್ ನೋಡಿಸಿ, ಆಮೇಲೆ ಮುಂದಿನ ಮಾತು. ಬ್ರೇಕನ್ನು ಆದಷ್ಟು ಕಡಿಮೆ ಬಳಸಿ ಹತ್ತು ಕಿಲೋಮೀಟರ್ ಹೋಗಿ ನಿಲ್ಲಿಸಿ, ಮುಂದಿನ ಎರಡೂ ಚಕ್ರಗಳ ಹತ್ತಿರ ಹಿಂಗೈಯನ್ನು ಒಯ್ದು ನೋಡಿ. ಮುಟ್ಟಬೇಡಿ, ಶಾಖ ದೂರದಿಂದಲೇ ತಿಳಿಯುತ್ತದೆ. ಒಂದು ಚಕ್ರ ಇನ್ನೊಂದಕ್ಕಿಂತ ಸ್ಪಷ್ಟವಾಗಿ ಬಿಸಿಯಾಗಿದ್ದರೆ ಆ ಬದಿಯ ಕ್ಯಾಲಿಪರ್ ಬಿಡುತ್ತಿಲ್ಲ ಎಂದರ್ಥ. ಕರಾವಳಿಯ ಕಾರುಗಳಲ್ಲಿ ಪಿನ್ನಿನ ರಬ್ಬರ್ ಹರಿದು ಉಪ್ಪುನೀರು ಒಳಗೆ ಹೋಗಿ ಪಿನ್ ಹಿಡಿದುಕೊಳ್ಳುವುದು ಬಹಳ ಸಾಮಾನ್ಯ. ಬಿಚ್ಚಿದಾಗ ಒಳಗಿನ ಪ್ಯಾಡ್ ಹೊರಗಿನದಕ್ಕಿಂತ ಹೆಚ್ಚು ಸವೆದಿದ್ದರೆ ಅನುಮಾನವೇ ಬೇಡ. ಪಿನ್ನುಗಳನ್ನು ತೊಳೆದು, ಹೊಸ ರಬ್ಬರ್ ಹಾಕಿ, ಬ್ರೇಕಿಗೆಂದೇ ಬರುವ ಸಿಲಿಕೋನ್ ಗ್ರೀಸ್ ಹಚ್ಚಬೇಕು. ಬೇರಿಂಗಿಗೆ ಹಾಕುವ ಸಾಧಾರಣ ಗ್ರೀಸ್ ಹಚ್ಚಿದರೆ ರಬ್ಬರ್ ಉಬ್ಬಿ ಒಂದೇ ವರ್ಷದಲ್ಲಿ ಪಿನ್ ಮತ್ತೆ ಹಿಡಿಯುತ್ತದೆ.

ಪಿನ್ನುಗಳು ಸರಿಯಾದ ಮೇಲೆ, ಹಿಂದೆ ಮುಂದೆ ವಾಹನಗಳಿಲ್ಲದ ರಸ್ತೆಯಲ್ಲಿ 50ರಿಂದ 20ಕ್ಕೆ ಸ್ವಲ್ಪ ಗಟ್ಟಿಯಾಗಿ ಬ್ರೇಕ್ ಹಿಡಿದು, ಪೂರ್ತಿ ನಿಲ್ಲಿಸದೆ, ಮತ್ತೆ ವೇಗ ಹೆಚ್ಚಿಸಿ ಹತ್ತು ಸಲ ಹೀಗೆ ಮಾಡಿ. ನಡುವೆ ಅರ್ಧ ಕಿಲೋಮೀಟರ್ ಓಡಿಸಿ ತಣಿಯಲು ಬಿಡಿ. ಬಹಳಷ್ಟು ಕಲೆಗಳು ಇಷ್ಟಕ್ಕೆ ಹೋಗುತ್ತವೆ. ಉಗುರಿಗೆ ಸಿಗುವಷ್ಟು ಗುಳಿ ಬಿದ್ದಿದ್ದರೆ ಹೋಗುವುದಿಲ್ಲ, ಆಗ ಡಿಸ್ಕ್ ಸಾಣೆ ಹಿಡಿಸಬೇಕು ಅಥವಾ ಬದಲಿಸಬೇಕು. ಮುಂದಿನ ಸಲ ಊರಿಗೆ ಹೋಗುವಾಗ ಹ್ಯಾಂಡ್‌ಬ್ರೇಕ್ ಬಿಟ್ಟು, ಗೇರಿನಲ್ಲಿಟ್ಟು, ಚಕ್ರಗಳಿಗೆ ಮರದ ತುಂಡು ಅಡ್ಡ ಕೊಟ್ಟು ಹೋಗಿ. ಹ್ಯಾಂಡ್‌ಬ್ರೇಕ್ ಎಳೆದಿಟ್ಟರೆ ಹಿಂದಿನ ಡ್ರಮ್ಮಿನ ಒಳಗೆ ಅದನ್ನು ಒತ್ತಿ ಹಿಡಿಯುವ ಶೂಗಳು ತುಕ್ಕಿನಿಂದ ಅಂಟಿಕೊಳ್ಳುತ್ತವೆ. ವಾರಕ್ಕೊಮ್ಮೆ ಯಾರಾದರೂ ಎಂಜಿನ್ ಚಾಲೂ ಮಾಡಿ ಬಿಡುವುದರಿಂದ ಬ್ರೇಕಿಗೆ ಏನೂ ಪ್ರಯೋಜನವಿಲ್ಲ, ಎರಡು ಮೂರು ಕಿಲೋಮೀಟರ್ ಓಡಿಸಿಯೇ ತರಬೇಕು.

ಪ್ರಶ್ನೆ (ಹೊನ್ನಾವರದ ಓದುಗರು): ಹೊಸ ಕಾರು, ಇನ್ನೂ 3,000 ಕಿಲೋಮೀಟರ್ ಆಗಿಲ್ಲ. ಮಳೆಯಲ್ಲಿ ಹೆದ್ದಾರಿಗೆ ದನ ಅಡ್ಡ ಬಂದಾಗ ಜೋರಾಗಿ ಬ್ರೇಕ್ ಒತ್ತಿದೆ. ಪೆಡಲ್ ಕಾಲಿನಡಿ ಗಡಗಡ ಕುಣಿಯಿತು, ಗರ್ ಎಂಬ ಸದ್ದು ಬಂತು. ಹೆದರಿ ಕಾಲು ತೆಗೆದುಬಿಟ್ಟೆ. ಡಿಸ್ಕ್ ಕೆಟ್ಟಿದೆಯೇ?

ಉತ್ತರ: ಕೆಟ್ಟಿಲ್ಲ. ಅದು ಎಬಿಎಸ್ ಕೆಲಸ ಮಾಡಿದ್ದು. 2019ರ ಏಪ್ರಿಲ್‌ನಿಂದ ನಮ್ಮ ದೇಶದಲ್ಲಿ ಮಾರಾಟವಾಗುವ ಹೊಸ ಕಾರುಗಳಲ್ಲಿ ಇದು ಕಡ್ಡಾಯ. ಚಕ್ರ ಜಾರುವ ಸ್ಥಿತಿ ಬಂದಾಗ ಅದು ಬ್ರೇಕಿನ ಒತ್ತಡವನ್ನು ಸೆಕೆಂಡಿಗೆ ಹಲವಾರು ಸಲ ಬಿಟ್ಟು ಹಿಡಿಯುತ್ತದೆ, ನಿಮಗೆ ಕೇಳಿಸಿದ ಸದ್ದು ಅದರ ಪಂಪು ಮತ್ತು ಕವಾಟಗಳದು. ಅಂಥ ಹೊತ್ತಿನಲ್ಲಿ ಕಾಲು ತೆಗೆಯಬಾರದು ಎಂಬುದೊಂದನ್ನು ಮನೆಯಲ್ಲಿ ಕಾರು ಓಡಿಸುವ ಎಲ್ಲರಿಗೂ ತಿಳಿಸಿಕೊಡಿ. ಪೆಡಲನ್ನು ಗಟ್ಟಿಯಾಗಿ ಒತ್ತಿಹಿಡಿದೇ ಸ್ಟೀರಿಂಗ್ ತಿರುಗಿಸಿ ಅಡ್ಡ ಬಂದದ್ದನ್ನು ತಪ್ಪಿಸಬಹುದು, ಎಬಿಎಸ್ ಇರುವುದೇ ಅದಕ್ಕಾಗಿ. ಒಣ ರಸ್ತೆಯಲ್ಲಿ, ಮೆಲ್ಲಗೆ ನಿಲ್ಲಿಸುವಾಗ, 10, 15ರ ವೇಗದಲ್ಲಿ ಪೆಡಲ್ ಹೀಗೆ ಕುಣಿದರೆ ಮಾತ್ರ ಚಕ್ರದ ಸೆನ್ಸರ್ ಪರೀಕ್ಷಿಸಿ. ಅಲ್ಲಿ ಕೆಸರು ಅಥವಾ ತುಕ್ಕು ಸೇರಿದ್ದರೆ ಚಕ್ರ ತಿರುಗುತ್ತಿದ್ದರೂ ನಿಂತಿದೆ ಎಂದು ಅದು ತಪ್ಪು ತಿಳಿಯುತ್ತದೆ.

ಪ್ರಶ್ನೆ (ಯಲ್ಲಾಪುರದ ಓದುಗರು): ನನ್ನದು ಆಟೋಮ್ಯಾಟಿಕ್ ಕಾರು. ಐದು ಜನ, ತುಂಬಿದ ಡಿಕ್ಕಿ. ಅರಬೈಲ್ ಘಟ್ಟ ಇಳಿದು ಅಂಕೋಲೆ ಕಡೆಗೆ ಹೋಗುವಾಗ ಸುಟ್ಟ ವಾಸನೆ ಬಂತು, ಪೆಡಲ್ ಸ್ವಲ್ಪ ಮೆತ್ತಗಾದಂತೆ ಅನಿಸಿತು. ಕೆಳಗೆ ಲಾರಿಗಳ ಸಾಲಿನ ಹಿಂದೆ ಹತ್ತು ನಿಮಿಷ ಬ್ರೇಕ್ ಒತ್ತಿಕೊಂಡೇ ನಿಂತಿದ್ದೆ. ಅಂದಿನಿಂದ ಬ್ರೇಕ್ ಹಿಡಿದರೆ ನಡುಕ.

ಉತ್ತರ: ಇಲ್ಲಿ ಎರಡು ವಿಷಯಗಳಿವೆ. ನಡುಕ ಚಿಕ್ಕದು, ಮೆತ್ತಗಾದ ಪೆಡಲ್ ದೊಡ್ಡದು. ಅದನ್ನೇ ಮೊದಲು ಹೇಳುತ್ತೇನೆ.

ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುವ ದ್ರವ. ಡಾಟ್ 4 ಎಂಬ ದರ್ಜೆಯ ಹೊಸ ದ್ರವ ಕುದಿಯಲು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಬೇಕು. ತೇವ ಸೇರಿದ ಮೇಲೆ ಅದರ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಡಾಟ್ 3 ಆದರೆ 205ರಿಂದ 140ಕ್ಕೆ. ಘಟ್ಟದಲ್ಲಿ ಕಾದ ಕ್ಯಾಲಿಪರಿನೊಳಗೆ ಆ ದ್ರವ ಕುದಿದು ಆವಿಯಾದರೆ ಪೆಡಲ್ ಆವಿಯನ್ನು ಒತ್ತುತ್ತದೆಯೇ ಹೊರತು ಬ್ರೇಕನ್ನಲ್ಲ. ನಿಮ್ಮ ಕಾರಿನ ಬ್ರೇಕ್ ಆಯಿಲ್ ಎರಡು ವರ್ಷಕ್ಕಿಂತ ಹಳೆಯದಾಗಿದ್ದರೆ ಮುಂದಿನ ಪ್ರಯಾಣಕ್ಕೆ ಮೊದಲೇ ಪೂರ್ತಿ ಬದಲಿಸಿ, ಮೇಲಿನಿಂದ ಸ್ವಲ್ಪ ಸುರಿದು ತುಂಬಿಸುವುದು ಬದಲಾವಣೆಯಲ್ಲ. ಇಳಿಜಾರಿನಲ್ಲಿ ಪೆಡಲ್ ಕೆಳಗಿಳಿದರೆ ಬೇಗ ಬೇಗ ಹಲವು ಸಲ ತುಳಿದು ಒತ್ತಡ ತಂದುಕೊಳ್ಳಿ, ಗೇರ್ ಇಳಿಸಿ, ಹ್ಯಾಂಡ್‌ಬ್ರೇಕನ್ನು ಸ್ವಲ್ಪ ಸ್ವಲ್ಪವಾಗಿ ಎಳೆದು ಬದಿಗೆ ನಿಲ್ಲಿಸಿ.

ಡಿ ಯಲ್ಲಿಟ್ಟು ಬ್ರೇಕೊಂದನ್ನೇ ನಂಬಿ ಇಳಿದಿದ್ದೀರಿ ಎಂದು ನಿಮ್ಮ ಪತ್ರದಿಂದ ತಿಳಿಯುತ್ತದೆ. ಆಟೋಮ್ಯಾಟಿಕ್ ಕಾರಿನಲ್ಲೂ ಎಂಜಿನ್ನಿನಿಂದ ವೇಗ ತಡೆಯುವ ವ್ಯವಸ್ಥೆ ಇರುತ್ತದೆ. ಗೇರ್ ಹಿಡಿಯ ಪಕ್ಕ ಎಲ್, 2, ಎಸ್ ಎಂದೋ, ಕೂಡು-ಕಳೆ ಚಿಹ್ನೆಗಳ ಮ್ಯಾನ್ಯುವಲ್ ಎಂದೋ ಬರೆದಿರುವುದನ್ನು ಕೈಪಿಡಿ ನೋಡಿ ಕಲಿತುಕೊಳ್ಳಿ. ಯಾವ ಗೇರಿನಲ್ಲಿ ಘಟ್ಟ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಬೇಕು ಎಂಬ ಲಾರಿ ಚಾಲಕರ ಹಳೆಯ ಮಾತು ಇಂದಿನ ಕಾರಿಗೂ ಸರಿಯೇ. ಬ್ರೇಕಿನ ಮೇಲೆ ಕಾಲನ್ನು ಸದಾ ಹಗುರವಾಗಿ ಇಟ್ಟುಕೊಳ್ಳುವುದಕ್ಕಿಂತ ತಿರುವಿಗೆ ಮೊದಲು ಗಟ್ಟಿಯಾಗಿ ಹಿಡಿದು ವೇಗ ಇಳಿಸಿ ಪೂರ್ತಿ ಬಿಟ್ಟುಬಿಡುವುದು ಮೇಲು, ಬಿಟ್ಟಾಗ ಡಿಸ್ಕಿಗೆ ಗಾಳಿ ಸಿಗುತ್ತದೆ.

ಇನ್ನು ನಡುಕ. ಕೆಂಡದಂತೆ ಕಾದ ಡಿಸ್ಕನ್ನು ಪ್ಯಾಡ್‌ಗಳು ಹತ್ತು ನಿಮಿಷ ಒಂದೇ ಜಾಗದಲ್ಲಿ ಅಪ್ಪಿ ಹಿಡಿದಿದ್ದರಿಂದ ಪ್ಯಾಡಿನ ವಸ್ತು ಅಲ್ಲಿ ಅಂಟಿಕೊಂಡಿದೆ. ಕಾವಲಿಯ ಮೇಲೆ ದೋಸೆ ಒಂದೆಡೆ ಹಿಡಿದಂತೆ. ಕಾರವಾರದವರಿಗೆ ಹೇಳಿದ ಹಾಗೆ ಹತ್ತು ಸಲ ಬ್ರೇಕ್ ಹಿಡಿದು ಬಿಟ್ಟು ನೋಡಿ. ಹೋಗದಿದ್ದರೆ ಗ್ಯಾರೇಜಿನಲ್ಲಿ ಡಿಸ್ಕ್ ಮತ್ತು ಪ್ಯಾಡ್ ಎರಡಕ್ಕೂ ಎಮರಿ ಹಾಕಿಸಿ. ಡಿಸ್ಕಿನ ಮೇಲೆ ನೀಲಿ ಬಣ್ಣದ ಚುಕ್ಕೆಗಳು ಕಂಡರೆ ಆ ಜಾಗದ ಕಬ್ಬಿಣ ಅತಿಯಾದ ಬಿಸಿಗೆ ಗಡುಸಾಗಿದೆ. ಅದನ್ನು ಲೇತಿಗೆ ಕೊಟ್ಟರೂ ಕೆಲವು ದಿನಗಳಲ್ಲಿ ಗಡುಸಾದ ಜಾಗಗಳು ಮತ್ತೆ ಎದ್ದು ನಿಲ್ಲುತ್ತವೆ, ಬದಲಿಸುವುದೇ ದಾರಿ. ಘಟ್ಟ ಇಳಿದ ಮೇಲೆ ಒಂದೆರಡು ಕಿಲೋಮೀಟರ್ ಬ್ರೇಕ್ ಮುಟ್ಟದೆ ನಿಧಾನವಾಗಿ ಓಡಿಸಿ ನಿಲ್ಲಿಸಿ. ಸಾಲಿನಲ್ಲಿ ನಿಲ್ಲಲೇಬೇಕಾದರೆ ಪೆಡಲ್ ಬಿಟ್ಟು ಪಿ ಗೆ ಹಾಕಿ. ಕಾದ ಚಕ್ರಕ್ಕೆ ನೀರು ಎರಚಬೇಡಿ, ಬೀಡು ಕಬ್ಬಿಣ ಬಿರುಕು ಬಿಡಬಹುದು.

ಪ್ರಶ್ನೆ (ಅಂಕೋಲೆಯ ಓದುಗರು): ನಮ್ಮ ಕಾರಿನಲ್ಲಿ ಬ್ರೇಕ್ ಹಿಡಿದಾಗ ಸ್ಟೀರಿಂಗ್ ಸುಮ್ಮನಿರುತ್ತದೆ, ಸೀಟು ನಡುಗುತ್ತದೆ. ಡ್ರಮ್ ಲೇತಿಗೆ ಕೊಡಿ ಎಂದು ಒಬ್ಬರು, ಹೊಸದೇ ಹಾಕಿ ಎಂದು ಇನ್ನೊಬ್ಬರು ಹೇಳುತ್ತಾರೆ.

ಉತ್ತರ: ಹಿಂದಿನ ಡ್ರಮ್ ಎಂಬುದನ್ನು ನೀವೇ ಪರೀಕ್ಷಿಸಬಹುದು. ಖಾಲಿಯಾದ, ನೇರವಾದ, ಒಣ ರಸ್ತೆಯಲ್ಲಿ 40ರ ವೇಗದಲ್ಲಿ ಹ್ಯಾಂಡ್‌ಬ್ರೇಕಿನ ಗುಂಡಿಯನ್ನು ಒತ್ತಿಹಿಡಿದೇ ಮೆಲ್ಲಗೆ, ಸ್ವಲ್ಪ ಸ್ವಲ್ಪವಾಗಿ ಎಳೆಯಿರಿ. ಹ್ಯಾಂಡ್‌ಬ್ರೇಕ್ ಹಿಂದಿನ ಚಕ್ರಗಳನ್ನು ಮಾತ್ರ ಹಿಡಿಯುವುದರಿಂದ, ಆಗ ಅದೇ ನಡುಕ ಬಂದರೆ ಡ್ರಮ್ ದುಂಡಗಿಲ್ಲ ಎಂದು ತಿಳಿಯಬಹುದು. ಬಟನ್ ಒತ್ತುವ ವಿದ್ಯುತ್ ಹ್ಯಾಂಡ್‌ಬ್ರೇಕ್ ಇದ್ದರೆ ಇದನ್ನು ಮಾಡಬೇಡಿ. ಮಳೆಯಲ್ಲಂತೂ ಯಾರೂ ಮಾಡಬಾರದು, ಹಿಂಬದಿ ಜಾರುತ್ತದೆ.

ಲೇತೋ ಹೊಸದೋ ಎಂಬುದನ್ನು ಡ್ರಮ್ಮಿನ ಮೇಲೆಯೇ ಅಚ್ಚೊತ್ತಿರುವ ಅಂಕಿ ಹೇಳುತ್ತದೆ. ಡ್ರಮ್ಮಿನ ಮೇಲೆ ಗರಿಷ್ಠ ಒಳವ್ಯಾಸವನ್ನೂ, ಡಿಸ್ಕಿನ ಮೇಲೆ ಕನಿಷ್ಠ ದಪ್ಪವನ್ನೂ ಬರೆದಿರುತ್ತಾರೆ. ತಿರುಗಿಸಿ ಕೆತ್ತಿದ ಮೇಲೂ ಆ ಮಿತಿಯೊಳಗೆ ಉಳಿಯುವುದಾದರೆ ಲೇತ್ ಸಾಕು. ಮಿತಿಗೆ ಹತ್ತಿರ ಬಂದಿದ್ದರೆ ಹೊಸದನ್ನೇ ಹಾಕಿ, ಏಕೆಂದರೆ ತೆಳ್ಳಗಾದಷ್ಟೂ ಅದು ಬೇಗ ಕಾಯುತ್ತದೆ. ಕೆಲಸ ಮಾಡುವವರು ಡ್ರಮ್ಮನ್ನು ಹೊರ ಅಂಚಿನಿಂದ ಹಿಡಿಯದೆ, ಅದು ಕಾರಿನಲ್ಲಿ ಕೂರುವ ನಡುರಂಧ್ರ ಮತ್ತು ಮುಖವನ್ನು ಆಧಾರವಾಗಿಟ್ಟು ಲೇತಿಗೆ ಕಟ್ಟಬೇಕು, ಇಲ್ಲವಾದರೆ ಲೇತಿನ ಮೇಲೆ ದುಂಡಗಾದದ್ದು ಕಾರಿನ ಮೇಲೆ ಮತ್ತೆ ಓಲಾಡುತ್ತದೆ. ಎಡಬಲ ಎರಡನ್ನೂ ಒಟ್ಟಿಗೆ ಮಾಡಿಸಿ. ಲೇತಿನಿಂದ ಬಂದದ್ದರಲ್ಲಿ ಕಬ್ಬಿಣದ ಪುಡಿ ಇರುತ್ತದೆ, ಹೊಸದಾಗಿ ಕೊಂಡದ್ದಕ್ಕೆ ತುಕ್ಕು ತಡೆಯುವ ಎಣ್ಣೆ ಬಳಿದಿರುತ್ತಾರೆ. ಎರಡನ್ನೂ ಸಾಬೂನು ನೀರಿನಿಂದ ತೊಳೆದು, ಒಣ ಬಟ್ಟೆಯಿಂದ ಒರೆಸಿ, ಒಳಮೈಯನ್ನು ಕೈಯಿಂದ ಮುಟ್ಟದೆ ಕೂರಿಸಲು ಹೇಳಿ.